ಮೇಲೆ ಮದುವೆ, ಕೆಳಗೆ ಟಿವಿ: ವೈಫೈ, ಉದ್ದ ಕೇಬಲ್, ನೆಟ್‌ವರ್ಕ್ ಡಬ್ಬಿ ಮೂರನ್ನೂ ಬಳಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೆಟ್‌ವರ್ಕ್ ಡಬ್ಬಿಗೆ. ಎಚ್‌ಡಿಎಂಐ ಚಿತ್ರವನ್ನು ಲ್ಯಾನ್ ಕೇಬಲ್ ಮೇಲೆ ಕಳಿಸುವ ಡಬ್ಬಿ ಬರುತ್ತದಲ್ಲ, ಅದು. ಎರಡು ವರ್ಷದಲ್ಲಿ ಮೂರು ದಾರಿ ಹಿಡಿದು ನೋಡಿದ್ದೇನೆ. ದುಡ್ಡು ಹೋಗಿದೆ, ಒಂದು ಮದುವೆಯಲ್ಲಿ ಮಾತೂ ಕೇಳಿದ್ದೇನೆ. ಹೊಸ ಹಾಲ್ ಕಟ್ಟುವವರು ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕಲಬುರಗಿಯಲ್ಲಿ ಒಂದು ಹಳೆಯ ಫಂಕ್ಷನ್ ಹಾಲ್. ನಾನು, ನನ್ನ ತಮ್ಮ ಇಬ್ಬರೂ ಸೇರಿ ನಡೆಸುತ್ತೇವೆ. ಸ್ಟೇಜ್ ಮೇಲಿನ ಮಹಡಿಯಲ್ಲಿದೆ, ಊಟ ಕೆಳಗೆ, ಮುಂದೆ ಅಂಗಳ. ಮೊಣಕಾಲು ನೋವಿನ ಹಿರಿಯರು ಮೆಟ್ಟಿಲು ಹತ್ತುವುದಿಲ್ಲ, ಕೆಳಗೇ ಕೂತುಬಿಡುತ್ತಾರೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಅವರಿಗೂ ಮದುಮಕ್ಕಳ ಮುಖ ಕಾಣಬೇಕು, ಅಷ್ಟೇ ನನ್ನ ಬೇಡಿಕೆ. ಮೇಲಿನ ಕ್ಯಾಮೆರಾದ ಚಿತ್ರ ಕೆಳಗಿನ ಮೂರು ಟಿವಿಗೆ ಬರಬೇಕು, ಅಯ್ಯನವರ ಮೈಕಿನ ದನಿ ಎಲ್ಲ ಕಡೆ ಕೇಳಬೇಕು.

ಮೊದಲು ವೈಫೈ ಹಿಡಿದೆ. ಕೇಬಲ್ ಎಳೆಯುವ ರಗಳೆ ಇಲ್ಲ, ಟಿವಿಗೆ ಒಂದು ಸಣ್ಣ ಕಡ್ಡಿ ಸಿಕ್ಕಿಸಿದರೆ ಆಯ್ತು ಅಂದುಕೊಂಡೆ. ಖಾಲಿ ಹಾಲ್‌ನಲ್ಲಿ ನೋಡಿದಾಗ ಚೆಂದವೇ ಬಂತು. ಮದುವೆ ದಿನ ಐನೂರು ಜನ, ಎಲ್ಲರ ಜೇಬಿನಲ್ಲೂ ಫೋನು. 2.4 ಗಿಗಾಹರ್ಟ್ಸ್ ವೈಫೈಗೆ ಒಂದರ ಮೇಲೊಂದು ಬೀಳದ ಚಾನೆಲ್ ಇರೋದೇ ಮೂರು: 1, 6, 11. ಅದರಲ್ಲಿ ಎಲ್ಲರದ್ದೂ ನೂಕುನುಗ್ಗಲು. ಮೇಲಾಗಿ ನಮ್ಮ ಗೋಡೆ ಹಳೆಯ ಕಾಲದ ಕಲ್ಲಿನದು, ಕೈ ಚಾಚಿದರೂ ಆ ಬದಿ ಸಿಗದಷ್ಟು ದಪ್ಪ. 5 ಗಿಗಾಹರ್ಟ್ಸ್ ಅಂತೂ ಮೆಟ್ಟಿಲಿನ ತಿರುವು ದಾಟಲಿಲ್ಲ. ಚಿತ್ರ ಬಂದಾಗಲೂ ತಡವಾಗಿ ಬರುತ್ತಿತ್ತು. ಮೇಲೆ ಅಕ್ಕಿಕಾಳು ಬಿದ್ದು ವಾಲಗ ಜೋರಾದ ಮೇಲೆ, ಕೆಳಗಿನ ಟಿವಿಯಲ್ಲಿ ಇನ್ನೂ ಅಂತರಪಟ ಹಿಡಿದುಕೊಂಡೇ ನಿಂತಿದ್ದರು. ವೈಫೈಯನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ಉದ್ದ ಎಚ್‌ಡಿಎಂಐ ಕೇಬಲ್. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹತ್ತು ಹದಿನೈದು ಮೀಟರ್ ದಾಟಿದರೆ ಸಾದಾ ತಾಮ್ರದ ಕೇಬಲ್ ನಂಬಬೇಡಿ. ನಮ್ಮ ಮೂವತ್ತು ಮೀಟರಿನದು ಒಂದು ದಿನ ಬಂದರೆ ಇನ್ನೊಂದು ದಿನ ಬರಲಿಲ್ಲ.

ಈಗ ಡಬ್ಬಿ. ಕ್ಯಾಮೆರಾ ಹತ್ತಿರ ಕಳಿಸುವ ಡಬ್ಬಿ ಒಂದು, ಪ್ರತಿ ಟಿವಿ ಹಿಂದೆ ಹಿಡಿಯುವ ಡಬ್ಬಿ ಒಂದೊಂದು. ನಡುವೆ ಕ್ಯಾಟ್ 6 ಅನ್ನೋ ಲ್ಯಾನ್ ಕೇಬಲ್, ಮತ್ತು ಆ ಕೇಬಲ್‌ಗಳನ್ನೆಲ್ಲ ಒಂದು ಕಡೆ ಜೋಡಿಸುವ ನೆಟ್‌ವರ್ಕ್ ಸ್ವಿಚ್. ಒಂದು ಎಳೆ ನೂರು ಮೀಟರ್ ತನಕ ಹೋಗುತ್ತದೆ, ನಮ್ಮ ಹಾಲ್‌ಗೆ ಧಾರಾಳ. ತಡ ಎಷ್ಟು ಅಂತ ನಾವೇ ಅಳೆದೆವು. ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಕ್ಯಾಮೆರಾ ಮುಂದೆ ಹಿಡಿದು, ಟಿವಿಯನ್ನು ಪಕ್ಕಕ್ಕೆ ತಂದಿಟ್ಟು, ಎರಡೂ ಸೇರುವ ಹಾಗೆ ಇನ್ನೊಂದು ಫೋನಿನಿಂದ ಫೋಟೋ ತೆಗೆಯೋದು. ಡಬ್ಬಿಯಲ್ಲಿ ಸೆಕೆಂಡಿನ ಏಳನೇ ಒಂದು ಭಾಗದಷ್ಟು ವ್ಯತ್ಯಾಸ ಬಂತು. ವೈಫೈ ಕಡ್ಡಿಯಲ್ಲಿ ಎರಡು ಸೆಕೆಂಡಿಗೂ ಹೆಚ್ಚು ಇತ್ತು. ನೀವು ಯಾವುದೇ ಕೊಳ್ಳಿ, ದುಡ್ಡು ಕೊಡುವ ಮೊದಲು ಈ ಫೋಟೋ ತೆಗೆದು ನೋಡಿ.

ಆದರೆ ಈ ಡಬ್ಬಿಯೇ ನನಗೆ ಎರಡು ಮದುವೆ ಕೆಡಿಸಿತು. ಅದನ್ನು ಪೂರ್ತಿ ಹೇಳಲೇಬೇಕು, ಯಾಕೆಂದರೆ ಅಂಗಡಿಯವರು ಇದನ್ನು ಹೇಳಲಿಲ್ಲ, ಡಬ್ಬಿಯ ಜೊತೆ ಬಂದ ಚೀಟಿಯಲ್ಲೂ ಇರಲಿಲ್ಲ.

ಮೊದಲ ಸಲ ಆಫೀಸಿನಲ್ಲಿದ್ದ ಹಳೆಯ ಸ್ವಿಚ್‌ಗೇ ಎಲ್ಲ ಚುಚ್ಚಿದೆವು. ಟಿವಿ ಮೂರೂ ಬಂದವು, ಖುಷಿಯಾಯ್ತು. ಹತ್ತು ನಿಮಿಷಕ್ಕೆ ತಮ್ಮ ಓಡಿ ಬಂದ. ‘ಅಣ್ಣಾ, ವೈಫೈ ಸತ್ತದ, ಸಿಸಿಟಿವಿನೂ ನಿಂತದ’ ಅಂದ. ಡಬ್ಬಿ ತೆಗೆದರೆ ಎಲ್ಲ ಸರಿ, ಹಾಕಿದರೆ ಮತ್ತೆ ಅದೇ ಕಥೆ. ಕಾರಣ ಆಮೇಲೆ ತಿಳಿಯಿತು. ಈ ಡಬ್ಬಿ ಚಿತ್ರ ಕಳಿಸುವುದು ಮಲ್ಟಿಕಾಸ್ಟ್ ರೀತಿಯಲ್ಲಿ. ಇಂಥವರಿಗೆ ಅಂತ ಕಳಿಸದೆ, ಬೇಕಾದವರು ತಗೊಳ್ಳಲಿ ಅಂತ ಒಂದೇ ಸಲ ಬಿಡುತ್ತದೆ. ಟಿವಿ ಮೂರಿರಲಿ ಮೂವತ್ತಿರಲಿ, ಕಳಿಸುವ ಡಬ್ಬಿಗೆ ಭಾರ ಒಂದೇ, ಅದು ಇದರ ದೊಡ್ಡ ಗುಣ. ಆದರೆ ಸಾದಾ ಸ್ವಿಚ್‌ಗೆ ಯಾರಿಗೆ ಬೇಕು, ಯಾರಿಗೆ ಬೇಡ ಅನ್ನೋದು ತಿಳಿಯುವುದಿಲ್ಲ. ಬಡಿಸುವವನು ಕೇಳದೆಯೇ ಎಲ್ಲರ ತಾಟಿಗೂ ಸಾರು ಸುರಿದ ಹಾಗೆ, ಎಲ್ಲ ಪೋರ್ಟ್‌ಗೂ, ಅಂದರೆ ಕೇಬಲ್ ಚುಚ್ಚುವ ಎಲ್ಲ ತೂತಿಗೂ, ವಿಡಿಯೋ ಸುರಿಯುತ್ತದೆ. ಅದು ವೈಫೈ ರೂಟರ್‌ಗೂ ಹೋಯಿತು. ವೈಫೈ ಮಲ್ಟಿಕಾಸ್ಟನ್ನು ಸಾಮಾನ್ಯವಾಗಿ ತನ್ನ ಅತಿ ನಿಧಾನದ ವೇಗದಲ್ಲೇ ಕಳಿಸುತ್ತದೆ. ಆ ಸಣ್ಣ ಕೊಳವೆಯಲ್ಲಿ ವಿಡಿಯೋ ತುಂಬಿಕೊಂಡರೆ ಬೇರೆಯವರಿಗೆ ಜಾಗ ಎಲ್ಲಿ?

ಇದಕ್ಕೆ ಔಷಧ ಐಜಿಎಂಪಿ ಸ್ನೂಪಿಂಗ್ ಇರುವ ಸ್ವಿಚ್. ಅದು ಯಾವ ಪೋರ್ಟಿನವರು ವಿಡಿಯೋ ಕೇಳಿದ್ದಾರೆ ಅಂತ ನೋಡಿಕೊಂಡು ಅಲ್ಲಿಗೆ ಮಾತ್ರ ಕಳಿಸುತ್ತದೆ. ತಂದೆವು, ಸೆಟ್ಟಿಂಗ್‌ನಲ್ಲಿ ಆನ್ ಮಾಡಿದೆವು, ವೈಫೈ ಉಳಿಯಿತು. ಎರಡು ನಿಮಿಷ ಟಿವಿ ನೋಡಿ ಸಾಕು ಅಂದುಕೊಂಡೆವು. ಅದೇ ತಪ್ಪಾಯಿತು.

ಮುಂದಿನ ಮದುವೆಯಲ್ಲಿ ಅಕ್ಕಿಕಾಳಿಗೆ ಸ್ವಲ್ಪ ಮೊದಲು ಮೂರೂ ಟಿವಿ ಕಪ್ಪಾದವು. ಡಬ್ಬಿ ಆಫ್ ಮಾಡಿ ಆನ್ ಮಾಡಿದರೆ ಬರುತ್ತದೆ, ನಾಲ್ಕು ನಿಮಿಷಕ್ಕೆ ಮತ್ತೆ ಕಪ್ಪು. ತಮ್ಮ ಒಂದು ಟಿವಿಯಿಂದ ಇನ್ನೊಂದಕ್ಕೆ ಓಡುತ್ತಲೇ ಇದ್ದ. ಮದುಮಗಳ ಅಜ್ಜಿ ಮೂಲೆಯ ಟಿವಿ ಮುಂದೆ ಕುರ್ಚಿ ಹಾಕಿಸಿಕೊಂಡು, ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಕೂತಿದ್ದರು. ‘ತಮ್ಮಾ, ನನ್ನ ಮೊಮ್ಮಗಳು ಯಾವಾಗ ಕಾಣ್ತಾಳ?’ ಅಂದರು. ಮೇಲಿಂದ ವಾಲಗ ಕೇಳಿಸಿತು. ಅಜ್ಜಿ ಕಪ್ಪು ಟಿವಿ ಕಡೆಗೇ ಕಾಳು ಹಾಕಿ ಕೈ ಮುಗಿದರು. ಅವರು ಬಯ್ಯಲಿಲ್ಲ, ಅವರ ಮಗ ಬಯ್ದರು, ಅದರಲ್ಲಿ ತಪ್ಪೇನೂ ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಎಂಜಿನಿಯರಿಂಗ್ ಓದುವ ನಮ್ಮ ತಂಗಿಯ ಮಗ ಬಂದು ಲ್ಯಾಪ್‌ಟಾಪ್ ಹಿಡಿದು ಕೂತ. ಮೂರು ಸಲ ಅಳೆದೆವು, ಮೂರು ಸಲವೂ 4 ನಿಮಿಷ 20 ಸೆಕೆಂಡಿನ ಆಸುಪಾಸಿಗೆ ಕಪ್ಪಾಯಿತು. ‘ಮಾಮಾ, 260 ಸೆಕೆಂಡ್! ಸಿಕ್ಕಿತು ನೋಡ್ರಿ’ ಅಂದ. ವಿಷಯ ಇಷ್ಟು: ಸ್ನೂಪಿಂಗ್ ಕೆಲಸ ಮಾಡಬೇಕಾದರೆ ನೆಟ್‌ವರ್ಕ್‌ನಲ್ಲಿ ಕ್ವೆರಿಯರ್ ಅಂತ ಒಬ್ಬ ಇರಬೇಕು. ಪಂಕ್ತಿಯಲ್ಲಿ ಆಗಾಗ ಬಂದು ‘ಇನ್ನೂ ಬೇಕೇನ್ರಿ?’ ಅಂತ ಕೇಳುವವನ ಹಾಗೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಅವನು 125 ಸೆಕೆಂಡಿಗೊಮ್ಮೆ ಕೇಳುತ್ತಾನೆ, ಹಿಡಿಯುವ ಡಬ್ಬಿಗಳು ‘ಬೇಕು’ ಅನ್ನುತ್ತವೆ. ಕೇಳುವವನೇ ಇಲ್ಲದಿದ್ದರೆ ಡಬ್ಬಿಗಳೂ ಸುಮ್ನೆ ಇರುತ್ತವೆ. 260 ಸೆಕೆಂಡ್ ಯಾರೂ ‘ಬೇಕು’ ಅನ್ನದಿದ್ದರೆ ಸ್ವಿಚ್ ಅವರ ಹೆಸರು ತೆಗೆದುಹಾಕುತ್ತದೆ. ನಾವು ತಂದ ಸ್ವಿಚ್‌ನಲ್ಲಿ ಸ್ನೂಪಿಂಗ್ ಇತ್ತು, ಕ್ವೆರಿಯರ್ ಇರಲಿಲ್ಲ. ಎರಡೂ ಇರುವ ಇನ್ನೊಂದು ಸ್ವಿಚ್ ತಂದ ಮೇಲೆ ಇವತ್ತಿನ ತನಕ ಟಿವಿ ಒಮ್ಮೆಯೂ ಕಪ್ಪಾಗಿಲ್ಲ. ಹೊಸದಾಗಿ ಕೊಳ್ಳುವವರು ‘ಐಜಿಎಂಪಿ ಕ್ವೆರಿಯರ್ ಇದೆಯಾ’ ಅಂತ ಬಾಯಿಬಿಟ್ಟು ಕೇಳಿ. ಅದು ಬೇಡ ಅಂದರೆ ಡಬ್ಬಿಗಳಿಗೇ ಬೇರೆ ಸಾದಾ ಸ್ವಿಚ್ ಇಟ್ಟು, ಅದನ್ನು ರೂಟರ್‌ಗೂ ಸಿಸಿಟಿವಿಗೂ ಜೋಡಿಸಬೇಡಿ. ಅದೂ ಒಳ್ಳೆ ದಾರಿಯೇ, ಖರ್ಚೂ ಕಡಿಮೆ.

ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಸವರಿದ್ದು ಅಗ್ಗಕ್ಕೆ ಸಿಗುತ್ತದೆ, ಬೇಡ. ಡಬ್ಬಿಗಳನ್ನು ಕಬ್ಬಿಣದ ಕಪಾಟಿನೊಳಗೆ ಮುಚ್ಚಿಡಬೇಡಿ, ನಮ್ಮ ಮೇ ತಿಂಗಳ ಬಿಸಿಲಿಗೆ ಹ್ಯಾಂಗ್ ಆಗುತ್ತವೆ. ಸ್ವಿಚ್‌ಗೂ ಡಬ್ಬಿಗೂ ಸಣ್ಣ ಯುಪಿಎಸ್ ಇರಲಿ. ಕರೆಂಟ್ ಹೋಗಿ ಜನರೇಟರ್ ಹತ್ತುವಷ್ಟರಲ್ಲಿ ಇವು ಹೊಸದಾಗಿ ಶುರುವಾಗುತ್ತವೆ, ಅರ್ಧ ನಿಮಿಷ ಹೋಗಿಬಿಡುತ್ತದೆ.

ದನಿಯ ವಿಷಯದಲ್ಲಿ ನಾನು ಹಳೆಯ ದಾರಿಯನ್ನೇ ಉಳಿಸಿಕೊಂಡೆ. ಉದ್ದ ತಂತಿಯಲ್ಲಿ ಬಹಳ ಸ್ಪೀಕರ್ ನಡೆಸುವ 100 ವೋಲ್ಟ್ ಲೈನಿನ ಆಂಪ್ಲಿಫೈಯರ್, ಎಲ್ಲ ಕಡೆ ಟ್ರಾನ್ಸ್‌ಫಾರ್ಮರ್ ಇರುವ ಸ್ಪೀಕರ್. ಮೈಕಿನ ದನಿ ತಡವಿಲ್ಲದೆ ಬರುತ್ತದೆ, ಕೆಟ್ಟರೆ ನಮ್ಮ ಓಣಿಯ ಎಲೆಕ್ಟ್ರಿಷಿಯನ್ನೇ ಸರಿ ಮಾಡುತ್ತಾರೆ. ಟಿವಿಗಳ ದನಿ ಮಾತ್ರ ಪೂರ್ತಿ ಬಂದ್ ಮಾಡಿ. ಇಲ್ಲದಿದ್ದರೆ ಸ್ಪೀಕರಿನದು ಮೊದಲು, ಟಿವಿಯದು ಆಮೇಲೆ, ಪ್ರತಿ ಮಾತೂ ಎರಡೆರಡು ಸಲ ಕೇಳಿಸುತ್ತದೆ.

ಸ್ನ್ಯಾಪ್‌ಕಾಸ್ಟ್ ಕೂಡ ನೋಡಿದ್ದೇನೆ. ಉಚಿತ ಸಾಫ್ಟ್‌ವೇರ್, ಪ್ರತಿ ಕೋಣೆಗೆ ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಒಂದು ಇಟ್ಟರೆ ಎಲ್ಲ ಕಡೆ ಒಂದೇ ಹಾಡು ಒಂದೇ ತಾಳದಲ್ಲಿ ಬರುತ್ತದೆ. ನಮ್ಮ ಮನೆಯಲ್ಲಿ ಬೆಳಗಿನ ವಚನ, ಭಜನೆ ಇವತ್ತಿಗೂ ಅದರಲ್ಲೇ. ಅಡುಗೆಮನೆಯಿಂದ ಪಡಸಾಲೆಗೆ ನಡೆದು ಬಂದರೂ ದನಿ ಒಡೆಯುವುದಿಲ್ಲ, ಬಹಳ ಇಷ್ಟ ನನಗೆ. ಆದರೆ ಅದು ಮಾಮೂಲಾಗಿ ಒಂದು ಸೆಕೆಂಡಿನಷ್ಟು ಕೂಡಿಟ್ಟುಕೊಂಡು ನುಡಿಸುತ್ತದೆ, ಅಯ್ಯನವರ ಮೈಕಿಗೆ ಆಗುವುದಿಲ್ಲ.

ನೆಟ್‌ವರ್ಕ್ ಮೇಲೆ ದನಿ ಕಳಿಸುವ ಡಾಂಟೆ ಅನ್ನೋದನ್ನು ಒಮ್ಮೆ ಕಣ್ಣಾರೆ ನೋಡಿದೆ, ಬಾಡಿಗೆ ಸೌಂಡಿನವರು ತಂದಿದ್ದರು. ಆಸ್ಟ್ರೇಲಿಯಾದ ಆಡಿನೇಟ್ ಕಂಪನಿಯದು, ಒಂದೇ ಲ್ಯಾನ್ ಕೇಬಲ್‌ನಲ್ಲಿ ಹತ್ತಾರು ಮೈಕಿನ ದನಿ, ತಡ ಒಂದು ಮಿಲಿಸೆಕೆಂಡಿನ ಲೆಕ್ಕದಲ್ಲಿ. ದೊಡ್ಡ ಸಭಾಂಗಣಕ್ಕೆ ಅದೇ ಸರಿ, ನಮ್ಮ ಬಾಡಿಗೆ ದರಕ್ಕೆ ಆಗದು. ನೆಟ್‌ವರ್ಕ್ ಮೇಲೆ ವಿಡಿಯೋ ಕಳಿಸುವ ಎನ್‌ಡಿಐ ಅನ್ನೋದೂ ಇದೆ, ಅದರ ಚಿತ್ರ ಬಹಳ ಚೆಂದ, ಆದರೆ ಒಂದೊಂದು ಫುಲ್ ಎಚ್‌ಡಿ ಚಿತ್ರಕ್ಕೇ ನೂರು ಮೆಗಾಬಿಟ್‌ಗೂ ಮೇಲೆ ಬೇಕು, ಟಿವಿಗೊಂದು ಕಂಪ್ಯೂಟರೋ ದುಬಾರಿ ಡಬ್ಬಿಯೋ ಬೇಕು. ನಾಲ್ಕೈದು ಕ್ಯಾಮೆರಾ ಬದಲಿಸಿ ಲೈವ್ ಮಾಡುವವರು ಅದನ್ನು ನೋಡಲಿ.

ನನಗೆ ಹಾಲ್ ತೆರೆದು ಮೇನ್ ಸ್ವಿಚ್ ಹಾಕಿದರೆ ಎಲ್ಲ ತಾನಾಗಿಯೇ ಬರಬೇಕು. ಮದುವೆ ದಿನ ಲ್ಯಾಪ್‌ಟಾಪ್ ಮುಂದೆ ಕೂರುವ ಹುಡುಗನನ್ನು ಇಡುವ ಶಕ್ತಿ ನನಗಿಲ್ಲ. ಡಬ್ಬಿಗಳು, ಕೇಬಲ್, ಎರಡು ಸಲ ಕೊಂಡ ಸ್ವಿಚ್, ಯುಪಿಎಸ್ ಎಲ್ಲ ಸೇರಿ ನನಗೆ ಬಿದ್ದದ್ದು ಮೂವತ್ತು ಸಾವಿರದ ಒಳಗೆ. ಆಷಾಢದಲ್ಲಿ ಹಾಲ್ ಖಾಲಿ ಇರುತ್ತದೆ, ಆಗ ಅಂಗಳಕ್ಕೂ ಒಂದು ಎಳೆ ಎಳೆಸಿ ನಾಲ್ಕನೇ ಟಿವಿ ಹಾಕಿಸುತ್ತೇನೆ. ಆ ಅಜ್ಜಿಯ ಇನ್ನೊಬ್ಬ ಮೊಮ್ಮಗನ ಮದುವೆಗೆ ನಮ್ಮ ಹಾಲ್‌ನ್ನೇ ಕೇಳಿದ್ದಾರೆ.