ಸ್ಟಾಟಿಸ್ಟಿಕ್ಸ್ ಅಸೈನ್‌ಮೆಂಟ್ ಬರೆಯುವವರು ಸೀಯಿಂಗ್ ಥಿಯರಿ ಒಮ್ಮೆ ನೋಡಲೇಬೇಕು

ಬಿಕಾಂ, ಬಿಸಿಎ, ಬಿಎಸ್ಸಿ ಯಾವುದೇ ಇರಲಿ, ಮೊದಲ ವರ್ಷದಲ್ಲಿ ಸ್ಟಾಟಿಸ್ಟಿಕ್ಸ್ ಇರುವವರು ಕೇಳಿದರೆ ನಾನು ಮೊದಲು ಹೇಳುವ ಹೆಸರು ಸೀಯಿಂಗ್ ಥಿಯರಿ. ಇದೊಂದು ವೆಬ್‌ಸೈಟ್. ದುಡ್ಡು ಕೊಡಬೇಕಿಲ್ಲ, ಬ್ರೌಸರ್‌ನಲ್ಲಿ ತೆರೆದರೆ ಸಾಕು. ಅಮೆರಿಕದ ಬ್ರೌನ್ ಯೂನಿವರ್ಸಿಟಿಯಲ್ಲಿ ಡೇನಿಯಲ್ ಕುನಿನ್ ಅನ್ನುವವರು ಡಿಗ್ರಿ ಓದುತ್ತಿದ್ದಾಗಲೇ ಇದನ್ನು ಮಾಡಿದ್ದು. ಬಳಸಿದರೆ ಅದು ಗೊತ್ತಾಗುತ್ತದೆ. ಓದುವವರಿಗೆ ಎಲ್ಲಿ ತಲೆಗೆ ಹತ್ತುವುದಿಲ್ಲವೋ ಅಲ್ಲೇ ಕೈಯಾಡಿಸಿ ನೋಡುವಂಥ ಒಂದು ಚಿತ್ರ ಇರುತ್ತದೆ.

ನಮ್ಮಲ್ಲಿ ಅಸೈನ್‌ಮೆಂಟ್ ಹೇಗಿರುತ್ತದೆ ಗೊತ್ತಲ್ಲ. ಟೇಬಲ್ ಹಾಕಬೇಕು, ಸರಾಸರಿ ತೆಗೆಯಬೇಕು, ಒಂದೊಂದು ಸಂಖ್ಯೆಯಿಂದಲೂ ಅದನ್ನು ಕಳೆದು, ವರ್ಗ ಮಾಡಿ, ಕೂಡಿ, ಭಾಗಿಸಿ, ವರ್ಗಮೂಲ ತೆಗೆದು ಕೊನೆಗೆ ಸ್ಟ್ಯಾಂಡರ್ಡ್ ಡೀವಿಯೇಶನ್ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಇಷ್ಟು ಅಂತ ಬರೆದು ಕೆಳಗೆ ಎರಡು ಗೆರೆ ಎಳೆಯಬೇಕು. ಉತ್ತರ ಸರಿ ಬರುತ್ತದೆ, ಮಾರ್ಕ್ಸೂ ಸಿಗುತ್ತದೆ. ಆದರೆ ಆ ಸಂಖ್ಯೆ ಏನು ಹೇಳುತ್ತಿದೆ ಅಂತ ಕೇಳಿದರೆ ಕ್ಲಾಸಿಗೆ ಕ್ಲಾಸೇ ಸುಮ್ಮನಾಗುತ್ತದೆ. ಈ ಸೈಟ್ ಉಪಯೋಗಕ್ಕೆ ಬರುವುದು ಅಲ್ಲಿ.

ಒಟ್ಟು ಆರು ಅಧ್ಯಾಯ. ಶುರುವಾಗುವುದು ನಾಣ್ಯ ಚಿಮ್ಮುವುದರಿಂದ. ನಾಲ್ಕೈದು ಸಲ ಚಿಮ್ಮಿದಾಗ ಗ್ರಾಫಿನಲ್ಲಿ ಹೆಡ್, ಟೇಲ್ ಕಂಬಗಳು ಅಡ್ಡಾದಿಡ್ಡಿ ಇರುತ್ತವೆ. ನೂರು ಸಲದ ಬಟನ್ ಒತ್ತುತ್ತಾ ಹೋದರೆ ಎರಡೂ ನಿಧಾನಕ್ಕೆ ಅರ್ಧ ಅರ್ಧಕ್ಕೆ ಬಂದು ನಿಲ್ಲುತ್ತವೆ. ಕಂಬವನ್ನು ಎಳೆದು ನಾಣ್ಯವನ್ನೇ ಒಂದು ಕಡೆಗೆ ವಾಲಿಸಲೂಬಹುದು.

ನನಗೆ ತುಂಬಾ ಇಷ್ಟವಾದ ಭಾಗ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ಎಲ್ಲರನ್ನೂ ಅಳೆಯದೆ ಕೆಲವರ ಸ್ಯಾಂಪಲ್ ಮಾತ್ರ ತೆಗೆದು, ನಿಜವಾದ ಸರಾಸರಿ ಇಷ್ಟರಿಂದ ಇಷ್ಟರೊಳಗೆ ಅಂತ ಅಂದಾಜು ಮಾಡುವುದು. 95% ಅಂದರೆ ಏನು? ನಾವು ತೆಗೆದ ಈ ಒಂದು ಇಂಟರ್ವಲ್ ಒಳಗೆ ನಿಜವಾದ ಸರಾಸರಿ ಇರುವ ಸಂಭವ 95% ಅಂತ ಬಹಳ ಜನ ಬರೆಯುತ್ತಾರೆ, ಕೆಲವು ಗೈಡ್‌ಗಳಲ್ಲೂ ಹಾಗೇ ಇರುತ್ತದೆ. ಅದು ತಪ್ಪು. ಇಲ್ಲಿ ಒಂದರ ಹಿಂದೆ ಒಂದು ಸ್ಯಾಂಪಲ್ ಬೀಳುತ್ತಾ, ಪ್ರತಿಯೊಂದರಿಂದ ಒಂದು ಇಂಟರ್ವಲ್ ಆಗುತ್ತಾ ಹೋಗುತ್ತದೆ. ನಿಜವಾದ ಸರಾಸರಿ ಇದ್ದಲ್ಲೇ ಇರುತ್ತದೆ, ಅಲ್ಲಾಡುವುದೇ ಇಲ್ಲ. ಇಂಟರ್ವಲ್‌ಗಳು ಮಾತ್ರ ಅತ್ತಿತ್ತ ಸರಿಯುತ್ತವೆ, ಹೆಚ್ಚಿನವು ಅದನ್ನು ಒಳಗಿಟ್ಟುಕೊಳ್ಳುತ್ತವೆ, ಅಲ್ಲೊಂದು ಇಲ್ಲೊಂದು ತಪ್ಪಿಸಿಕೊಳ್ಳುತ್ತದೆ. ಹೀಗೆ ಮಾಡುತ್ತಾ ಹೋದರೆ ನೂರಕ್ಕೆ ಸುಮಾರು 95 ಇಂಟರ್ವಲ್‌ಗಳು ಸರಾಸರಿಯನ್ನು ಹಿಡಿಯುತ್ತವೆ ಅನ್ನುವುದೇ ಅದರ ಅರ್ಥ. ಇದನ್ನು ಎರಡು ನಿಮಿಷ ನೋಡಿದವರು ಮತ್ತೆ ತಪ್ಪು ವಾಕ್ಯ ಬರೆಯುವುದಿಲ್ಲ ಅಂತ ನನ್ನ ನಂಬಿಕೆ.

ರಿಗ್ರೆಶನ್ (ಗ್ರಾಫಿನ ಬಿಂದುಗಳಿಗೆ ಚೆನ್ನಾಗಿ ಹೊಂದುವ ಗೆರೆ ಎಳೆಯುವುದು) ಅಧ್ಯಾಯದಲ್ಲಿ ಸಂಖ್ಯಾಶಾಸ್ತ್ರಜ್ಞ ಆನ್ಸ್ಕೋಂಬ್ 1973ರಲ್ಲಿ ಕೊಟ್ಟ ನಾಲ್ಕು ಡೇಟಾ ಸೆಟ್‌ಗಳಿವೆ. ಒಂದೊಂದರಲ್ಲೂ 11 ಬಿಂದು. ನಾಲ್ಕರಲ್ಲೂ ಎಕ್ಸ್ ಸರಾಸರಿ 9, ವೈ ಸರಾಸರಿ ಸುಮಾರು 7.5, ಕೋರಿಲೇಶನ್ (ಎಕ್ಸ್, ವೈ ಎಷ್ಟು ಜೊತೆಜೊತೆಗೆ ಬದಲಾಗುತ್ತವೆ ಅನ್ನುವ ಅಳತೆ) ಸುಮಾರು 0.82, ರಿಗ್ರೆಶನ್ ಗೆರೆಯೂ ಹೆಚ್ಚುಕಮ್ಮಿ ಒಂದೇ. ಚಿತ್ರ ನೋಡಿದರೆ ಬೇರೆ ಬೇರೆ ಕಥೆ: ಒಂದರಲ್ಲಿ ಸಾಮಾನ್ಯವಾಗಿ ಚದುರಿದ ಬಿಂದುಗಳು, ಒಂದರಲ್ಲಿ ಬಾಗಿದ ಗೆರೆ, ಒಂದರಲ್ಲಿ ನೇರ ಸಾಲಿನಿಂದ ಮೇಲೆ ಹಾರಿದ ಒಂದೇ ಬಿಂದು, ಕೊನೆಯದರಲ್ಲಿ ಹತ್ತು ಬಿಂದು ಕಂಬದ ಹಾಗೆ ನಿಂತು ಒಂದು ಮಾತ್ರ ದೂರದಲ್ಲಿ. ಕ್ಯಾಲ್ಕುಲೇಟರ್ ಇದನ್ನೆಲ್ಲ ತೋರಿಸುವುದಿಲ್ಲ ಅಲ್ವಾ? ರೆಕಾರ್ಡ್ ಬುಕ್‌ನಲ್ಲಿ ಲೆಕ್ಕಕ್ಕೆ ಮೊದಲು ಗ್ರಾಫ್ ಹಾಕಿ ಅಂತ ಮೇಷ್ಟ್ರು ಯಾಕೆ ಹಟ ಹಿಡಿಯುತ್ತಾರೆ ಅಂತ ಇಲ್ಲಿ ಅರ್ಥವಾಗುತ್ತದೆ.

ಏನಿಲ್ಲ ಅನ್ನುವುದನ್ನೂ ಹೇಳಬೇಕು. ಇದು ಪಠ್ಯಪುಸ್ತಕದ ಜಾಗಕ್ಕೆ ಬರುವುದಿಲ್ಲ. ಮಧ್ಯಾಂಕ, ಬಹುಲಕ, ವರ್ಗಾಂತರದ ಟೇಬಲ್, ಇಂಡೆಕ್ಸ್ ನಂಬರ್ ಇವಕ್ಕೆಲ್ಲ ನಿಮ್ಮ ನೋಟ್ಸೇ ಗತಿ. ಪರೀಕ್ಷೆಯಲ್ಲಿ ಬರುವಂಥ ಲೆಕ್ಕಗಳನ್ನು ಕೈಯಲ್ಲೇ ಮಾಡಿ ಅಭ್ಯಾಸ ಆಗಬೇಕು. ಕನ್ನಡದಲ್ಲಿ ಇಲ್ಲ ಅನ್ನುವುದು ನನಗೆ ದೊಡ್ಡ ಕೊರತೆ. ಪಿಯುಸಿವರೆಗೆ ಕನ್ನಡದಲ್ಲೇ ಓದಿ ಬಂದವರಿಗೆ ಪಕ್ಕದಲ್ಲಿ ಯಾರಾದರೂ ಕೂತು ಹೇಳಿಕೊಟ್ಟರೆ ಒಳ್ಳೆಯದು. ಆದರೂ ಎಳೆಯುವುದು, ಒತ್ತುವುದೇ ಜಾಸ್ತಿ, ಓದುವುದು ಕಮ್ಮಿ. ಆಗುವುದಾದರೆ ಲ್ಯಾಪ್‌ಟಾಪ್‌ನಲ್ಲೇ ನೋಡಿ, ಇಂಥ ಚಿತ್ರಗಳಿಗೆ ದೊಡ್ಡ ಪರದೆ ಬೇಕು. ಬೇಯಿಸಿಯನ್ ಅಧ್ಯಾಯ (ಹೊಸ ಮಾಹಿತಿ ಸಿಕ್ಕ ಹಾಗೆ ಸಂಭವದ ಅಂದಾಜನ್ನು ತಿದ್ದಿಕೊಳ್ಳುವ ವಿಧಾನ) ಮೊದಲ ವರ್ಷದವರು ಸದ್ಯಕ್ಕೆ ಬಿಟ್ಟರೂ ನಡೆಯುತ್ತದೆ.

ಪಾಠ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಕ್ಲಾಸಿನಲ್ಲಿ ಪ್ರೊಜೆಕ್ಟರ್ ಇದ್ದರೆ, ಬೋರ್ಡ್ ಮೇಲೆ ಸೂತ್ರ ಬರೆಯುವ ಮೊದಲು ಆ ಕಾನ್ಫಿಡೆನ್ಸ್ ಇಂಟರ್ವಲ್ ಪುಟವನ್ನು ಐದು ನಿಮಿಷ ಓಡಲು ಬಿಡಿ.