ಕೊಳಲು ಮತ್ತು ಎಲೆಕ್ಟ್ರಾನಿಕ್ಸ್: ಇಡೀ ಟ್ರ್ಯಾಕ್, ಪೆಡಲ್ ಅಥವಾ ಲೈವ್ ಪ್ಯಾಚ್?

ಆರು ನಿಮಿಷದ ಒಂದೇ ಕೃತಿಯನ್ನು ಪಾಶ್ಚಾತ್ಯ ಕೊಳಲಿಗೆ ಮೂರು ಬಗೆಯಲ್ಲಿ ಕಟ್ಟಿ, ನುಡಿಸಿ ನೋಡಿ ಮಾಡಿದ ಹೋಲಿಕೆ ಇದು.

ಮೊದಲೇ ಮುದ್ರಿಸಿದ ಸದ್ದನ್ನು ಶುರುವಿನಿಂದ ಕೊನೆಯವರೆಗೆ ತಡೆಯಿಲ್ಲದೆ ಓಡಿಸುವ ಇಡೀ ಟ್ರ್ಯಾಕ್ ಹಳೆಯ ದಾರಿ. ಇಟಲಿಯ ಸಂಯೋಜಕ ಬ್ರೂನೊ ಮಡೆರ್ನಾ 1952ರಲ್ಲೇ ಕೊಳಲನ್ನು ಟೇಪ್ ಜೊತೆ ನುಡಿಸಲು ಬರೆದರು. ಕಂಪ್ಯೂಟರ್ ಕೈಕೊಡುವ ಭಯ ಕಡಿಮೆ, ಮಿಕ್ಸಿಂಗ್ ಮನೆಯಲ್ಲೇ ಮುಗಿಯುತ್ತದೆ. ಆದರೆ ಕಿವಿಯಲ್ಲಿ ಲಯ ತೋರಿಸುವ ಕ್ಲಿಕ್ ಬಡಿಯುತ್ತಿದ್ದರೆ ನುಡಿಸುವವರು ಉಸಿರು ತೆಗೆಯಲೂ ಗಡಿಯಾರವನ್ನೇ ಕೇಳಬೇಕು. ಎ.ಸಿ. ಹಾಲ್‌ನಲ್ಲಿ ಕೊಳಲು ತಣ್ಣಗಾದರೆ ಶ್ರುತಿ ಇಳಿಯುತ್ತದೆ, ಟ್ರ್ಯಾಕ್ ಮಾತ್ರ ಇದ್ದಲ್ಲೇ ಇರುತ್ತದೆ.

ನಮ್ಮ ಮೊದಲ ಆಯ್ಕೆ ಪೆಡಲ್: ಕಾಲಿನಿಂದ ಒತ್ತಿದಾಗ ಮುದ್ರಿತ ಸದ್ದಿನ ಮುಂದಿನ ತುಂಡು ಶುರುವಾಗುತ್ತದೆ. ಫಿನ್‌ಲ್ಯಾಂಡಿನ ಸಂಯೋಜಕಿ ಕಾಯಾ ಸಾರಿಯಾಹೊ ಅವರ 1992ರ 'ನೋವಾನೋವಾ'ದಲ್ಲೂ (NoaNoa) ಕೊಳಲು ನುಡಿಸುವವರೇ ಪೆಡಲ್ ಒತ್ತುತ್ತಾರೆ. ಟ್ರ್ಯಾಕನ್ನು 18 ತುಂಡು ಮಾಡಿ, ಪ್ರತಿ ತುಂಡಿನ ಕೊನೆಗೆ ಲೂಪ್ ಆಗಬಲ್ಲ ಒಂದು ಉದ್ದ ಸ್ವರ ಇಟ್ಟೆವು. ಹೀಗಾಗಿ ನುಡಿಸುವವರು ಎಷ್ಟು ನಿಧಾನಿಸಿದರೂ ಮೌನದ ಗುಂಡಿ ಬೀಳುವುದಿಲ್ಲ. ಹೊಸ ತುಂಡು ಶುರುವಾದ ಮೇಲೆ ಹಳೆಯದು 3 ಸೆಕೆಂಡಿನಲ್ಲಿ ಕರಗಬೇಕು; ಥಟ್ಟನೆ ನಿಲ್ಲಿಸಿದರೆ 'ಟಕ್' ಎನ್ನುತ್ತದೆ.

ಕೆಡುವುದೂ ಇಲ್ಲೇ. ಒಂದು ಒತ್ತಿಗೆ ಎರಡು ಕ್ಯೂ (ಮುಂದಿನ ತುಂಡು ಶುರು ಮಾಡುವ ಸೂಚನೆ) ಹಾರದಂತೆ ಪ್ಯಾಚ್‌ನಲ್ಲಿ, ಅಂದರೆ ಸದ್ದನ್ನು ನಡೆಸುವ ಕಂಪ್ಯೂಟರ್ ಪ್ರೋಗ್ರಾಂನಲ್ಲಿ, 500 ಮಿಲಿಸೆಕೆಂಡ್ ತಡೆ ಹಾಕಿ. ಪೆಡಲ್‌ನ ಪೋಲಾರಿಟಿ (ಒತ್ತಿದಾಗ ಸ್ವಿಚ್ ಮುಚ್ಚುವುದೋ ತೆರೆಯುವುದೋ ಎಂಬುದು) ಉಲ್ಟಾ ಇದ್ದರೆ ಕಾಲು ಎತ್ತಿದಾಗ ಕ್ಯೂ ಬರುತ್ತದೆ. ಪುಟ ತಿರುಗಿಸುವ ಬ್ಲೂಟೂತ್ ಪೆಡಲನ್ನು ಕಂಪ್ಯೂಟರ್ ಕೀಬೋರ್ಡ್ ಎಂದೇ ತಿಳಿಯುತ್ತದೆ. ಪರದೆಯ ಮೇಲೆ ಬೇರೆ ವಿಂಡೋ ಮುಂದೆ ಬಂದರೆ ಒತ್ತು ಅಲ್ಲಿಗೆ ಹೋಗುತ್ತದೆ. ಮಿಡಿ (ಸಂಗೀತ ಸಾಧನಗಳು ಸಂಕೇತ ಕಳಿಸುವ ಪದ್ಧತಿ) ಬಳಸುವ ಪೆಡಲ್‌ಗೆ ಈ ಕಾಟವಿಲ್ಲ. ಕ್ಯೂ ಸಂಖ್ಯೆಯನ್ನು ಸ್ವರಲಿಪಿಯಲ್ಲೂ ಪರದೆಯಲ್ಲೂ ದಪ್ಪಗೆ ಬರೆಯಿರಿ, ಒಂದು ಕ್ಯೂ ಹಿಂದಕ್ಕೆ ಹೋಗಲು ಒಂದು ಕೀ ಮೀಸಲಿಡಿ.

ಲೈವ್ ಪ್ಯಾಚ್‌ನಲ್ಲಿ ಕೊಳಲಿನ ದನಿಯೇ ಎಲೆಕ್ಟ್ರಾನಿಕ್ಸ್‌ನ ಕಚ್ಚಾ ಸಾಮಗ್ರಿ. ಚೆನ್ನಾಗಿ ಕೂತಾಗ ಇದಕ್ಕೆ ಸಾಟಿಯೇ ಇಲ್ಲ. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್) 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಮ್ಮೆಗೆ ಎತ್ತಿಕೊಳ್ಳುವ ಸದ್ದಿನ ತುಂಡು) ಇಟ್ಟರೆ ಒಳಗೆ-ಹೊರಗೆ ಸೇರಿ ಬಫರ್‌ನ ತಡ ಸುಮಾರು 5.3 ಮಿಲಿಸೆಕೆಂಡ್, ನಡೆಯುತ್ತದೆ. 512ಕ್ಕೆ ಅದು 21 ದಾಟುತ್ತದೆ, ಚುರುಕು ಸ್ವರಗಳಲ್ಲಿ ಕಿವಿಗೆ ಬೀಳುತ್ತದೆ. ಶ್ರುತಿ ಗುರುತಿಸಲು 2048 ಸ್ಯಾಂಪಲ್ ಕಿಟಕಿ (ಒಮ್ಮೆಗೆ ಪರೀಕ್ಷಿಸುವ ಸದ್ದಿನ ತುಂಡು) ಬಳಸಿದರೆ ಅದೊಂದಕ್ಕೇ ಸುಮಾರು 43 ಮಿಲಿಸೆಕೆಂಡ್. ಮೇಲಾಗಿ ಗಾಳಿ ಬೆರೆತ ಸ್ವರ ಬಂದರೆ ಕೊಳಲಿನ ಸ್ವರಕ್ಕೆ ಬೇರೆ ಶ್ರುತಿಯ ಸ್ವರ ಸೇರಿಸುವ ಹಾರ್ಮನೈಸರ್ ಒಂದು ಸ್ಥಾಯಿ ಮೇಲೋ ಕೆಳಗೋ ಜಿಗಿಯುತ್ತದೆ. ಅಂಥ ಕಡೆ ಡಿಲೇ (ತಡವಾಗಿ ಮರಳುವ ದನಿ), ರಿವರ್ಬ್ (ಹಾಲ್‌ನಂಥ ಗುಂಗು) ಸಾಕು. ಡಿಲೇಯ ಫೀಡ್‌ಬ್ಯಾಕ್ (ಮತ್ತೆ ಒಳಕ್ಕೆ ಕಳಿಸುವ ಪಾಲು) 70 ಪ್ರತಿಶತ ದಾಟಿಸಬೇಡಿ. ಸ್ಪೀಕರ್‌ಗಳು ಮೈಕ್‌ಗಿಂತ ಮುಂದೆ, ಪ್ರೇಕ್ಷಕರ ಕಡೆಗಿರಲಿ, ಇಲ್ಲದಿದ್ದರೆ ಕೂಗುತ್ತವೆ.

ಪೆಡಲ್ ಆಧಾರದ ಮೇಲೆ ಕೃತಿ ಕಟ್ಟಿ, ಎರಡು ಮೂರು ಕ್ಯೂಗಳಲ್ಲಿ ಮಾತ್ರ ಮೈಕ್ ತೆರೆಯುವುದು ನಮಗೆ ಒಗ್ಗಿದ ದಾರಿ. ಉಳಿದೆಡೆ ಮೈಕ್‌ನ ಸದ್ದು ಪ್ಯಾಚ್‌ಗೆ ಹೋಗದಂತೆ ಕ್ಯೂನಲ್ಲೇ ಸೊನ್ನೆ ಮಾಡಿ, 50 ಮಿಲಿಸೆಕೆಂಡ್ ಇಳಿಕೆ ಕೊಟ್ಟು.