ಬಳ್ಳಾರಿ ಪೊಲಿಟಿಕಲ್ ಸೈನ್ಸ್ ವೀಕೆಂಡ್ ಬ್ಯಾಚ್: ಜರ್ಮನಿ ಪಾಠಕ್ಕಾದ್ರೂ ಸೇರ್ರಿ

ರಾಯಲ್ ಸರ್ಕಲ್ ಕಡೆ ಕಾಲೇಜು ಲೆಕ್ಚರರ್ ಆಗಾಕ ಬರಿಯೋ ಕೆ-ಸೆಟ್, ನೆಟ್‌ಗೆ ಓದೋರಿಗೆ ಪೊಲಿಟಿಕಲ್ ಸೈನ್ಸ್ ಹೇಳ್ಕೊಡೋ ಒಂದು ಸಣ್ಣ ಕೋಚಿಂಗ್ ಐತಿ, ಮೆಡಿಕಲ್ ಶಾಪ್ ಮೇಲಿನ ಮಹಡಿ, ಶನಿವಾರ ಭಾನುವಾರ ಕ್ಲಾಸು. ಸೇರೋದಾ ಬ್ಯಾಡ್ವಾ ಅಂತ ಭಾಳ ಜನ ಕೇಳ್ತಿದಾರ ಅದಕ್ಕ ಬರೀತಿದೀನಿ. ಕಂಪ್ಯಾರೆಟಿವ್ ಪಾಲಿಟಿಕ್ಸ್ (ಬ್ಯಾರೆ ಬ್ಯಾರೆ ದೇಶದ ರಾಜಕೀಯ ಹೋಲಿಸೋ ಪಾಠ) ತಲಿಗೆ ಹತ್ತವಲ್ದು ಅನ್ನೋರು ಕಣ್ಣು ಮುಚ್ಚಿ ಸೇರ್ರಿ.

ಬೇರೆ ಕಡೆ ಜರ್ಮನಿ ಎಲೆಕ್ಷನ್ ಅಂದ್ರ ಎರಡು ಓಟು (ಒಂದು ಅಭ್ಯರ್ಥಿಗೆ, ಒಂದು ಪಾರ್ಟಿಗೆ), ಪಾರ್ಟಿಗೆ 5 ಪರ್ಸೆಂಟ್ ಓಟು ಬರಲಿಲ್ಲ ಅಂದ್ರ ಸೀಟಿಲ್ಲ, ಬರ್ಕೊಳ್ರಿ, ಮುಂದ ಹೋಗೋಣ ಅಂತಾರ. ಇಲ್ಲಿ ಸರ್ ಆ 5 ಪರ್ಸೆಂಟ್ ರೂಲ್ ಒಂದನ್ನ ತಿಳಿಸಾಕ ಎಸ್‌ಎಸ್‌ಡಬ್ಲ್ಯೂ ಅನ್ನೋ ಪಾರ್ಟಿಯ ಪೂರ್ತಿ ಕಥಿ ಹೇಳಿದ್ರು. ಡೆನ್ಮಾರ್ಕ್ ಗಡಿಗೆ ಹತ್ತಿದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದಾಗ ಇರೋ ಡೇನಿಷ್ ಮಂದಿ, ಫ್ರಿಸಿಯನ್ ಮಂದಿ ಪಾರ್ಟಿ ಅದು, ಹುಟ್ಟಿದ್ದು 1948ರಾಗ.

ಮೊದ್ಲು ಬೋರ್ಡ್ ಮ್ಯಾಲೆ ಮ್ಯಾಪ್ ಹಾಕಿದ್ರು. 1864ರ ಯುದ್ಧದಾಗ ಡೆನ್ಮಾರ್ಕ್ ಸೋತು ಶ್ಲೆಸ್ವಿಗ್ ಕಳ್ಕೊಂತು, 1920ರಾಗ ಜನರ ಓಟು ಕೇಳಿದ್ರು, ಉತ್ತರದೋರು ಡೆನ್ಮಾರ್ಕ್ ಅಂದ್ರು, ಫ್ಲೆನ್ಸ್‌ಬರ್ಗ್ ಇರೋ ದಕ್ಷಿಣದೋರು ಜರ್ಮನಿ ಅಂದ್ರು, ನಡುವ ಗೆರಿ ಬಿತ್ತು, ಗೆರಿ ಈ ಕಡೆ ಜರ್ಮನಿಯಾಗ ಡೇನಿಷ್ ಮಂದಿ ಉಳ್ಕೊಂಡ್ರು. ಅದರ ಪಕ್ಕದಾಗ ಅದೇ ಹಸಿರು ಮಾರ್ಕರ್‌ಲಿಂದ ನಮ್ಮ ಹಳೇ ಬಳ್ಳಾರಿ ಜಿಲ್ಲಾ ಬರದ್ರು, 1953ರಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕ ಹೋದ್ವು, ಬಳ್ಳಾರಿ ತಾಲ್ಲೂಕಿನ ಜಗಳ ವಿಚಾರಣಾ ಆಯೋಗದ ಜಸ್ಟಿಸ್ ಮಿಶ್ರಾ ತನಕ ಹೋಗಿ ಕೊನಿಗೆ ಮೈಸೂರು ರಾಜ್ಯಕ್ಕ ಬಂತು. ಬ್ಯಾಚ್‌ನಾಗ ಅರ್ಧಕ್ಕರ್ಧ ಹುಡುಗ್ರು ಮನ್ಯಾಗ ತೆಲುಗು ಮಾತಾಡೋರೇ, ಗೆರಿ ಈ ಕಡೆ ಉಳಿಯೋದು ಅಂದ್ರೇನು ಅಂತ ನಮಗ ಬ್ಯಾರೆ ಬಿಡಿಸಿ ಹೇಳೋದೇ ಬ್ಯಾಡಾಗಿತ್ತು.

ಅಲ್ಲಿಂದ ಕ್ಲಾಸ್ ಎದ್ದು ನಿಂತಂಗ ಆತು ನೋಡ್ರಿ. 1949ರಾಗ ಈ ಪಾರ್ಟಿಗೆ ಜರ್ಮನಿ ಪಾರ್ಲಿಮೆಂಟ್ ಬುಂಡೆಸ್ಟಾಗ್‌ನಾಗ ಒಂದು ಸೀಟು. 1950ರ ರಾಜ್ಯ ಎಲೆಕ್ಷನ್‌ನಾಗ 5.5 ಪರ್ಸೆಂಟ್ ಓಟು. ಆಮೇಲೆ ರಾಜ್ಯದೋರು ಸೀಟಿಗೆ ಬೇಕಾದ ಆ ಕನಿಷ್ಠ ಓಟಿನ ತಡೆನ 5ರಿಂದ 7.5 ಪರ್ಸೆಂಟಿಗೆ ಏರಿಸಿಬಿಟ್ರು, ಪಾರ್ಟಿ ಸಾಂವಿಧಾನಿಕ ಕೋರ್ಟಿಗೆ ಹೋತು, 1952ರಾಗ ಕೋರ್ಟು ಅದು ನಡಿಯಂಗಿಲ್ಲ ಅಂತು. ಅಷ್ಟಾದ್ರೂ 1954ರ ರಾಜ್ಯ ಎಲೆಕ್ಷನ್ದಾಗ ಸುಮಾರು 42 ಸಾವಿರ ಓಟು ಬಿದ್ದು 5 ಪರ್ಸೆಂಟ್ ಮುಟ್ಟಲಿಲ್ಲ, ಒಂದು ಸೀಟೂ ಇಲ್ಲ. 1955ರಾಗ ಬಾನ್-ಕೋಪನ್‌ಹೇಗನ್ ಘೋಷಣೆ ಆತು (ಗಡಿಯ ಎರಡೂ ಕಡೆ ಇರೋ ಅಲ್ಪಸಂಖ್ಯಾತರ ಹಕ್ಕಿನ ಬಗ್ಗೆ ಜರ್ಮನಿ, ಡೆನ್ಮಾರ್ಕ್ ಕೊಟ್ಟ ಮಾತು), ಅದಾದ ಮ್ಯಾಲೆ ಡೇನಿಷ್ ಮಂದಿ ಪಾರ್ಟಿಗೆ ರಾಜ್ಯದಾಗ ಆ ತಡೆ ತೆಗದ್ರು. ತಡೆ ಇಲ್ಲ ಅಂದ್ರ ಸೀಟು ಪುಕ್ಕಟೆ ಅಂತಲ್ಲ, ಒಂದು ಸೀಟಿಗೆ ಬೇಕಾದಷ್ಟು ಓಟು ತರಲೇಬೇಕು, ಈ ಪಾಯಿಂಟ್ ಸರ್ ಒತ್ತಿ ಒತ್ತಿ ಹೇಳಿದ್ರು, ಎಕ್ಸಾಮ್‌ನಾಗ ಆಪ್ಷನ್ ಕೊಟ್ಟು ಎಡವಿಸೋದು ಇಲ್ಲೇ.

ನನಗ ಭಾಳ ಹಿಡಿಸಿದ್ದು ಕಾರ್ಲ್ ಒಟ್ಟೊ ಮೇಯರ್ ಅನ್ನೋರ ವಿಚಾರ. 1971ರಿಂದ 1996ರ ತನಕ ರಾಜ್ಯದ ಅಸೆಂಬ್ಲಿಯಾಗ ಈ ಪಾರ್ಟಿಯಿಂದ ಅವರೊಬ್ಬರೇ. ಇಪ್ಪತ್ತೈದು ವರ್ಷ ಒಬ್ಬರೇ ಕೂತು ತಮ್ಮ ಮಂದಿ ಪರ ಮಾತಾಡಿದ್ರು, ಅಂಥೋರನ್ನ ನಾವು ಓದಬೇಕು ರೀ. 2005ರ ಮಾರ್ಚ್ 17ರ ಕಥೀನೂ ಹೇಳಿದ್ರು, ಹೈಡೆ ಸಿಮೋನಿಸ್ ಮತ್ತ ಮುಖ್ಯಮಂತ್ರಿ ಆಗಾಕ ಎಸ್‌ಎಸ್‌ಡಬ್ಲ್ಯೂದ ಎರಡು ಓಟು ನಂಬಿದ್ರು, ಲೆಕ್ಕಕ್ಕ ಅವರ ಕಡೆ 35 ಓಟು ಇತ್ತು, ಗುಪ್ತ ಮತದಾನ ನಾಲ್ಕು ಸಲ ಆದ್ರೂ 34 ದಾಟಲಿಲ್ಲ. 2012ರಾಗ ಮಾತ್ರ ಪಾರ್ಟಿ ಸರ್ಕಾರದಾಗೇ ಸೇರಿ ಆಂಕೆ ಸ್ಪೂರೆಂಡೊಂಕ್ ಮಂತ್ರಿ ಆದ್ರು. 1961ರ ನಂತರ ಬುಂಡೆಸ್ಟಾಗ್ ಎಲೆಕ್ಷನ್‌ಗೆ ನಿಂತೇ ಇರಲಿಲ್ಲ, 2021ರಾಗ ನಿಂತು, ಅಲ್ಲೂ ಅಲ್ಪಸಂಖ್ಯಾತರ ಪಾರ್ಟಿಗೆ 5 ಪರ್ಸೆಂಟ್ ತಡೆ ಇಲ್ಲದ್ದಕ್ಕ, 55 ಸಾವಿರ ಚಿಲ್ಲರೆ ಓಟಿಗೆ ಸ್ಟೆಫಾನ್ ಸೈಡ್ಲರ್ ಗೆದ್ರು, 2025ರಾಗ ಮತ್ತ ಗೆದ್ರು.

ಇನ್ನ ಕೊರತಿ. ಪ್ರಿಂಟೆಡ್ ನೋಟ್ಸ್ ಎಲ್ಲಾ ಇಂಗ್ಲಿಷ್‌ನಾಗೇ ಅದಾವ, ಪಾಠ ಕನ್ನಡದಾಗ ಇಷ್ಟು ಚಂದ ಮಾಡೋರು ನೋಟ್ಸ್ ಯಾಕ ಕನ್ನಡದಾಗ ಕೊಡಬಾರದು, ಕನ್ನಡ ಮೀಡಿಯಂ ಹುಡುಗ್ರಿಗೆ ಇದು ದೊಡ್ಡ ಅನ್ಯಾಯ. ಮಾಕ್ ಟೆಸ್ಟ್ ಕೀ ಆನ್ಸರ್ ತಪ್ಪಿರ್ತಾವ, ಕೇಳಿದ್ರ ತಿದ್ದುತಾರ ಆದ್ರ ತಡ ಮಾಡ್ತಾರ. ಪೇಪರ್ ಒನ್ (ಎಲ್ಲಾ ವಿಷಯದೋರಿಗೂ ಇರೋ ಸಾಮಾನ್ಯ ಪೇಪರ್) ಕ್ಲಾಸು ಸಾಧಾರಣ, ಅದಕ್ಕಂತ ದುಡ್ಡು ಹಾಕಬ್ಯಾಡ್ರಿ. ಏಪ್ರಿಲ್ ಮೇ ಬಿಸಿಲಾಗ ಹಿಂದಿನ ಬೆಂಚಿಗೆ ಫ್ಯಾನ್ ಗಾಳಿ ಹತ್ತಂಗಿಲ್ಲ, ಬೇಗ ಹೋಗಿ ಮುಂದ ಕುಂದರ್ರಿ.

ಫೀಸು ಎರಡು ಕಂತಿನಾಗ ಕಟ್ಟಬಹುದು, ಡೆಮೊ ಕ್ಲಾಸ್ ಫ್ರೀ. ಗಂಗಾವತಿ, ಸಿಂಧನೂರು ಕಡೆಯಿಂದ ಬರೋರು ಬೆಳಗಿನ ಬ್ಯಾಚ್ ಕೇಳ್ರಿ, ಸಂಜಿ ಬ್ಯಾಚ್ ಬಿಡೋದು ಲೇಟಾಗಿ ಬಸ್ಸಿಗೆ ತೊಂದ್ರಿ ಆಗ್ತತಿ.